ಪಾಳಿಪಟ್ಟಿ ಯಾರ ಸ್ವತ್ತು?

ಶುಶ್ರೂಷಾವೃತ್ತಿಯಲ್ಲಿರುವ ಹೆಣ್ಣುಮಗಳೊಬ್ಬಳು ತನ್ನ ಸಂಸಾರಕ್ಕೆ ಒಗ್ಗುವಂಥ ವೇಳೆಯ ಕೆಲಸವೊಂದನ್ನು ಹುಡುಕತೊಡಗಿದಳೆಂದರೆ, ಇತರ ವಿಷಯಗಳಲ್ಲಿ ಉದಾರಬುದ್ಧಿಯವರೆನಿಸಿಕೊಂಡವರು ಕೂಡ ಅವಳನ್ನು ಒಂದು ಬಗೆಯ ಸಂಶಯದಿಂದ ನೋಡುವುದುಂಟು. ರೋಗವೇನು ಗಡಿಯಾರ ನೋಡಿಕೊಂಡು ಬರುತ್ತದೆಯೆ, ನೋವೇನು ಭಾನುವಾರ ಸುಮ್ಮನಿರುತ್ತದೆಯೆ, ಸೇವೆಯೆಂದು ಒಪ್ಪಿಕೊಂಡು ಬಂದವರು ಹೊತ್ತುಗೊತ್ತಿನ ಲೆಕ್ಕವಿಡಬಹುದೆ ಎಂದು ಅವರು ಕೇಳುತ್ತಾರೆ. ಈ ಮೂರರಲ್ಲಿ ಮೊದಲಿನ ಎರಡು ನಿರ್ವಿವಾದವಾದುವು. ಮೂರನೆಯದು ಅವುಗಳಿಂದ ಫಲಿಸುವ ಸಿದ್ಧಾಂತವಲ್ಲ. ರೋಗಕ್ಕೆ ಹೊತ್ತಿಲ್ಲವೆಂಬುದರಿಂದ ಸಿದ್ಧವಾಗುವುದು ಇಷ್ಟೆ: ರೋಗಿಯ ಬಳಿಯಲ್ಲಿ ಹಗಲೂ ಇರುಳೂ ಯಾರಾದರೊಬ್ಬರು ಎಚ್ಚರವಾಗಿರಬೇಕು. ಆ ಒಬ್ಬರು ಇವಳೇ ಆಗಬೇಕು, ಈ ವಾರದಲ್ಲಿಯೇ ಆಗಬೇಕು, ನಾಳೆಯ ಪಾಳಿಯನ್ನು ಅವಳಿಗೆ ಇಂದು ಸಂಜೆ ತಿಳಿಸಿದರೆ ಸಾಕು ಎಂಬುದು ರೋಗದ ಸ್ವಭಾವದಿಂದ ಹುಟ್ಟಿದ ನಿಯಮವಲ್ಲ. ಆಸ್ಪತ್ರೆಯನ್ನು ನಡೆಸುವವರ ಅಭ್ಯಾಸದಿಂದ ಹುಟ್ಟಿದ್ದು. ಅನುಕೂಲವಾದ ವೇಳೆಗಾಗಿ ನಡೆಯುವ ಈ ಹುಡುಕಾಟ ಸೋಮಾರಿತನದ ಲಕ್ಷಣವಲ್ಲವೆಂದೂ, ವೇಳೆ ಹೊಂದಿಕೆಯಾಗುತ್ತದೆಯೆಂದು ಆಸ್ಪತ್ರೆಗಳು ನೀಡುವ ಭರವಸೆಯನ್ನು ತೂಗಿ ನೋಡುವಾಗ ಪಾಳಿಯ ಪಟ್ಟಿಯನ್ನು ಬರೆಯುವ ಅಧಿಕಾರ ಯಾರಲ್ಲಿದೆಯೆಂಬುದನ್ನು ಮೊದಲು ಕೇಳಬೇಕೆಂದೂ ಇಲ್ಲಿ ವಾದಿಸಬೇಕೆಂದಿದ್ದೇನೆ.

ಈ ಅಭ್ಯಾಸಕ್ಕೊಂದು ಪೂರ್ವಚರಿತ್ರೆಯುಂಟು. ಕ್ರಿಮಿಯಾ ಯುದ್ಧದ ಗಾಯಾಳುಗಳ ನಡುವೆ 1854ರಲ್ಲಿ ಕೆಲಸಕ್ಕೆ ತೊಡಗಿ ಕೀರ್ತಿವಂತರಾದ ಫ್ಲಾರೆನ್ಸ್ ನೈಟಿಂಗೇಲ್ ಅವರು 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶುಶ್ರೂಷಾ ಶಾಲೆಯನ್ನು ಸ್ಥಾಪಿಸಿದಾಗ, ಅಲ್ಲಿಗೆ ಬಂದ ತರುಣಿಯರು ಆಸ್ಪತ್ರೆಗೆ ಸೇರಿದ ನಿವಾಸದಲ್ಲಿಯೇ ವಾಸಿಸಿ, ಮೇಟ್ರನ್ನರ ಕಣ್ಗಾವಲಿನಲ್ಲಿ ಉಂಡು, ಮಲಗಿ, ಎದ್ದು, ವಾರ್ಡಿಗೆ ಹೋಗಿಬರುತ್ತಿದ್ದರು. ಕುಡುಕಿಯರ ಮತ್ತು ನಿರ್ಗತಿಕರ ಕೆಲಸವೆಂದು ಹೀನಾಯಗೊಂಡಿದ್ದ ವೃತ್ತಿಯೊಂದನ್ನು ಗೌರವದ ಪದವಿಗೇರಿಸಲು ಆ ಕಾಲದಲ್ಲಿ ಅಂಥ ಶಿಸ್ತು ಅಗತ್ಯವಾಗಿತ್ತೆಂಬುದನ್ನು ಅಲ್ಲಗಳೆಯಲಾಗದು. ನಮ್ಮ ನಾಡಿನಲ್ಲಿಯೂ ಇದೇ ಮಾದರಿ ಬೇರೂರಿತು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅವರು 1880ರಲ್ಲಿ ಪ್ರಾರಂಭಿಸಿದ ಔಷಧಾಲಯ ಬೆಳೆದು ದೊಡ್ಡ ಆಸ್ಪತ್ರೆಯಾಯಿತು. ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಸಂಸ್ಥೆಯ ಸಂನ್ಯಾಸಿನಿಯರು 1886ರಲ್ಲಿ ಸೇಂಟ್ ಮಾರ್ಥಾ ಆಸ್ಪತ್ರೆಯನ್ನು ಕಟ್ಟಿದರು. ಮಿಷನ್ನಿನ ಆಸ್ಪತ್ರೆಗಳಲ್ಲಿ ಶುಶ್ರೂಷೆಗೆ ನಿಂತ ಸಂನ್ಯಾಸಿನಿಗೆ ಆಸ್ಪತ್ರೆಯೂ ಮಠವೂ ಒಂದೇ ಆವರಣ. ನಡುರಾತ್ರಿಯಲ್ಲಿ ಕರೆ ಬಂದರೆ ಅಂಗಳ ದಾಟಿದರೆ ಸಾಕು. ಹಿಂದೆ ಉಳಿಯುವ ಹಸುಳೆಯಿಲ್ಲ, ಬೆಳಗಿನ ತಿಂಡಿಗೆ ಕಾದಿರುವ ಅತ್ತೆಮಾವಂದಿರಿಲ್ಲ, ತಪ್ಪಿಹೋಗುವ ಕೊನೆಯ ಬಸ್ಸಿಲ್ಲ. ಆ ಮಹಾತಾಯಂದಿರ ಋಣ ಈ ನಾಡಿನ ಮೇಲೆ ಎಷ್ಟಿದೆಯೆಂಬುದನ್ನು ಹಳಬರು ಬಲ್ಲರು. ಆದರೆ ಅವರ ಬದುಕಿಗೆ ಹೊಂದುವಂತೆ ಏರ್ಪಟ್ಟ ವೇಳಾಕ್ರಮವು, ಅವರ ಬದುಕಿಗೂ ತನ್ನ ಬದುಕಿಗೂ ಯಾವ ಸಾಮ್ಯವೂ ಇಲ್ಲದ ಇಂದಿನ ಗೃಹಿಣಿಯ ಮೇಲೆ ಅನಾಮತ್ತಾಗಿ ಇಳಿದುಬಂದಿದೆ. ಮನೆಯೇ ಇಲ್ಲದವಳಿಗಾಗಿ ರಚಿತವಾದ ಪಟ್ಟಿ ಮನೆಯುಳ್ಳವಳನ್ನು ಆಳುತ್ತಿದೆ.

ಈ ಮಾತು ಅತಿಶಯೋಕ್ತಿಯೆನ್ನುವವರು ನಮ್ಮ ಸೇನೆಯ ಶುಶ್ರೂಷಾ ವಿಭಾಗದ ಒಂದು ಪ್ರಕರಣವನ್ನು ನೆನೆಯಬೇಕು. ಮದುವೆಯಾದ ಕಾರಣಕ್ಕಾಗಿಯೇ ಅಧಿಕಾರಿಣಿಯನ್ನು ಸೇವೆಯಿಂದ ಬಿಡುಗಡೆಮಾಡಬಹುದೆಂದು 1977ರ ಸೇನಾ ಸೂಚನೆಯೊಂದು ವಿಧಿಸಿತ್ತು. ಅದರನ್ವಯ 1988ರಲ್ಲಿ ಕೆಲಸ ಕಳೆದುಕೊಂಡ ಒಬ್ಬರು ದಶಕಗಳ ಕಾಲ ನ್ಯಾಯಾಲಯಗಳಲ್ಲಿ ಹೋರಾಡಿದ ಮೇಲೆ, ಅಂಥ ನಿಯಮವು ಸ್ಪಷ್ಟವಾಗಿ ಸ್ವೇಚ್ಛಾಚಾರದ್ದೆಂದು ಹೇಳಿದ ಸರ್ವೋಚ್ಚ ನ್ಯಾಯಾಲಯ 2024ರ ಫೆಬ್ರವರಿಯಲ್ಲಿ 60 ಲಕ್ಷ ರೂಪಾಯಿಗಳ ಪರಿಹಾರವನ್ನು ಕೊಡಿಸಿತು. ನಿಯಮವು 1995ರಲ್ಲಿಯೇ ರದ್ದಾಗಿತ್ತು, ನಿಜ. ಆದರೆ ಶುಶ್ರೂಷಕಿಯೆಂದರೆ ಅವಿವಾಹಿತೆ, ಆಸ್ಪತ್ರೆಯೇ ಅವಳ ಮನೆ ಎಂಬ ಭಾವನೆ ಎಷ್ಟು ಈಚಿನವರೆಗೆ ಲಿಖಿತ ಶಾಸನವಾಗಿ ಉಸಿರಾಡುತ್ತಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಕಾಗದದಿಂದ ಅಳಿಸಿಹೋದ ಭಾವನೆ ಪಾಳಿಯ ಪಟ್ಟಿಯಲ್ಲಿ ಇಂದಿಗೂ ಉಳಿದುಕೊಂಡಿದೆ.

ಯಾವುದಾದರೊಂದು ವಾರ್ಡಿನಲ್ಲಿ ನರ್ಸುಗಳ ಮೇಜಿನ ಹಿಂದಿನ ಗೋಡೆಯನ್ನು ನೋಡಿರಿ. ಗೆರೆಯೆಳೆದ ದೊಡ್ಡ ಹಾಳೆಯೊಂದು ಅಲ್ಲಿ ಅಂಟಿಕೊಂಡಿರುತ್ತದೆ: ಎಡಗಡೆ ಹೆಸರುಗಳು, ಮೇಲುಗಡೆ ತಾರೀಖುಗಳು, ನಡುವಣ ಚೌಕಗಳಲ್ಲಿ ಎಂ, ಇ, ಎನ್, ಓ ಎಂಬ ಒಂಟಿ ಅಕ್ಷರಗಳು. ಬೆಳಗಿನ ಎಂಟರಿಂದ ಮಧ್ಯಾಹ್ನ ಎರಡು, ಎರಡರಿಂದ ರಾತ್ರಿ ಎಂಟು, ಎಂಟರಿಂದ ಮರುದಿನ ಬೆಳಗಿನ ಎಂಟು ಎಂದು ದಿನವನ್ನು ಆರು, ಆರು, ಹನ್ನೆರಡು ಗಂಟೆಗಳಾಗಿ ಒಡೆಯುವುದು ನಮ್ಮ ಅನೇಕ ಆಸ್ಪತ್ರೆಗಳ ರೂಢಿ. ಹಾಳೆಯ ಮೇಲೆ ಅಲ್ಲಲ್ಲಿ ಬಿಳಿಯ ದ್ರವ ಹಚ್ಚಿ ತಿದ್ದಿದ ಗುರುತುಗಳಿರುತ್ತವೆ. ಒಬ್ಬರ ಮಗುವಿಗೆ ಜ್ವರ, ಇನ್ನೊಬ್ಬರ ನಾದಿನಿಯ ನಿಶ್ಚಿತಾರ್ಥ, ಮತ್ತೊಬ್ಬರು ಹೇಳದೆ ಕೇಳದೆ ಕೆಲಸ ಬಿಟ್ಟದ್ದು, ಎಲ್ಲವೂ ಆ ಬಿಳಿಯ ಪದರದ ಕೆಳಗೆ ಅಡಗಿವೆ. ಬೆಳಗಿನ ಎಂಟಕ್ಕೆ ಹೊಸ ಪಾಳಿಯವರು ಬಂದಾಗ ರಾತ್ರಿಯವಳು ಹಾಸಿಗೆಯಿಂದ ಹಾಸಿಗೆಗೆ ಅವರೊಡನೆ ನಡೆದು, ಯಾವ ಡ್ರಿಪ್ಪಿನಲ್ಲಿ ಎಷ್ಟು ಉಳಿದಿದೆ, ಯಾರ ಮೂತ್ರದ ಚೀಲದಲ್ಲಿ ಎಷ್ಟು ತುಂಬಿತು, ಹತ್ತು ಗಂಟೆಯ ಇಂಜೆಕ್ಷನ್ ಯಾರಿಗೆ, ಆಪರೇಷನ್ನಿಗೆಂದು ಹೊಟ್ಟೆ ಬರಿದಾಗಿಟ್ಟುಕೊಂಡಿರುವವರು ಯಾರು ಎಂಬುದನ್ನೆಲ್ಲ ಒಪ್ಪಿಸಿ, ಮದ್ದಿನ ಬೀರುವಿನ ಕೀಲಿಯನ್ನು ಕೈಗಿಡಬೇಕು. ಬರಬೇಕಾದವಳ ಬಸ್ಸು ತಡವಾದರೆ ಇವಳು ಕದಲುವಂತಿಲ್ಲ. ಎಲ್ಲ ಮುಗಿದ ಮೇಲೂ ಕೇಸ್‌ಶೀಟಿನ ಬರವಣಿಗೆ ಬಾಕಿಯಿರುತ್ತದೆ. ಇಷ್ಟಾಗಿ ಅವಳು ಒಂಬತ್ತೂವರೆಗೆ ಮನೆ ಸೇರಿದಳೆನ್ನೋಣ. ಪಟ್ಟಿಯಲ್ಲಿ ಆ ದಿನದ ಚೌಕವನ್ನು ನೋಡಿದರೆ, ಅಲ್ಲಿ ಕೆಲವು ಆಸ್ಪತ್ರೆಗಳು ‘ಓ’ ಎಂದು ಬರೆದಿರುತ್ತವೆ, ಅಂದರೆ ಆಫ್, ವಾರದ ರಜೆ! ನಡುರಾತ್ರಿಯಿಂದ ಬೆಳಗಿನ ಎಂಟರವರೆಗೆ ದುಡಿದದ್ದು ಅದೇ ತಾರೀಖಿನಲ್ಲಿ ಎಂಬುದು ಆ ಚೌಕಕ್ಕೆ ತಿಳಿಯದು. ನಿದ್ರೆಯಿಲ್ಲದವಳು ನಿದ್ರಿಸುವ ದಿನವನ್ನೇ ರಜೆಯ ದಿನವೆಂದು ಎಣಿಸುವ ಈ ಗಣಿತವನ್ನು ಯಾವ ಬ್ಯಾಂಕಿನ ಗುಮಾಸ್ತನೂ ಒಂದು ವಾರ ಸಹಿಸಲಾರನು.

ದೇಹದ ಮಾತನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ಮನುಷ್ಯಶರೀರದಲ್ಲಿ ಹಗಲಿರುಳುಗಳ ಅನುಸಾರ ನಡೆಯುವ ಲಯವನ್ನು ಕೆಡಿಸುವಂಥ ಪಾಳಿಯ ಕೆಲಸವನ್ನು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2007ರಲ್ಲಿ ‘ಪ್ರಾಯಶಃ ಕ್ಯಾನ್ಸರ್‌ಕಾರಕ’ಗಳ ವರ್ಗಕ್ಕೆ ಸೇರಿಸಿತು, 2019ರಲ್ಲಿ ರಾತ್ರಿಪಾಳಿಯ ವಿಷಯದಲ್ಲಿ ಅದನ್ನೇ ಪುನಃ ಸ್ಥಿರಪಡಿಸಿತು. ಬೆಳಗು, ಸಂಜೆ, ರಾತ್ರಿ ಎಂಬ ಕ್ರಮದಲ್ಲಿ ಮುಂದಕ್ಕೆ ಸರಿಯುವ ಪಾಳಿಯನ್ನು ದೇಹ ಹೇಗೋ ತಾಳಿಕೊಳ್ಳುತ್ತದೆ, ಹಿಂದುಮುಂದಾಗಿ ಜಿಗಿಯುವ ಪಾಳಿಯನ್ನು ಅಷ್ಟು ತಾಳದು ಎಂಬುದು ಈ ವಿಷಯದ ತಜ್ಞರ ಸಾಮಾನ್ಯ ಅಭಿಮತ. ಇನ್ನು ಶಾಸನದ ವೈಚಿತ್ರ್ಯವೊಂದನ್ನು ಹೇಳದೆ ಬಿಡಲಾರೆ: 1948ರ ಕಾರ್ಖಾನೆ ಕಾಯಿದೆಯು ಹೆಣ್ಣಾಳುಗಳನ್ನು ಸಂಜೆ ಏಳರಿಂದ ಬೆಳಗಿನ ಆರರವರೆಗೆ ದುಡಿಸಕೂಡದೆಂದು ಗೆರೆ ಎಳೆಯಿತು; ಆಸ್ಪತ್ರೆ ಕಾರ್ಖಾನೆಯಲ್ಲವಾದುದರಿಂದ ಶುಶ್ರೂಷಕಿ ಆ ಗೆರೆಯ ಹೊರಗೆ ಉಳಿದಳು. ಹೊರಗುಳಿದದ್ದು ಅನಿವಾರ್ಯವೇ ಆಗಿತ್ತು, ರಾತ್ರಿ ರೋಗಿಗಳನ್ನು ನೋಡಿಕೊಳ್ಳುವವರು ಬೇಡವೆ? ಆದರೆ ರಕ್ಷೆಯನ್ನು ತೆಗೆದಮೇಲೆ ಅದರ ಸ್ಥಾನದಲ್ಲಿ ಬೇರೊಂದನ್ನು ಇಡಬೇಕಾಗಿತ್ತೆಂದು ಯಾರಿಗೂ ತೋಚಲಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಗೆ ಮಾತ್ರ 1977ರಲ್ಲಿ ತೋಚಿತು: ಶುಶ್ರೂಷಾ ಸಿಬ್ಬಂದಿಯನ್ನು ಕುರಿತ ಅದರ ಶಿಫಾರಸು ಒಂದು ಪಾಳಿಗೂ ಇನ್ನೊಂದಕ್ಕೂ ನಡುವೆ ಎಡೆಬಿಡದ ಹನ್ನೆರಡು ಗಂಟೆಗಳಾದರೂ ವಿಶ್ರಾಂತಿಯಿರಬೇಕೆಂದೂ, ಕೆಲಸದ ವೇಳೆಯನ್ನು ಸಾಕಷ್ಟು ಮುಂಚಿತವಾಗಿಯೇ ತಿಳಿಸಬೇಕೆಂದೂ ಹೇಳುತ್ತದೆ.

ಪ್ರತಿವಾದಿಯ ಮಾತನ್ನು ಈಗ ಕೇಳೋಣ, ಅದು ತಳ್ಳಿಹಾಕುವಂಥದಲ್ಲ. ಒಬ್ಬೊಬ್ಬಳೂ ತನಗೆ ಬೆಳಗಿನ ಪಾಳಿಯೇ ಬೇಕೆಂದರೆ ರಾತ್ರಿ ಯಾರು ಬರಬೇಕು? ಮಕ್ಕಳುಳ್ಳವಳಿಗೆ ವಿನಾಯಿತಿ ಕೊಟ್ಟರೆ ಆ ಹೊರೆ ಮದುವೆಯಾಗದ ಹುಡುಗಿಯ ಮೇಲೋ, ಕೇರಳದಿಂದಲೋ ಈಶಾನ್ಯದಿಂದಲೋ ಬಂದು ಹಾಸ್ಟೆಲಿನಲ್ಲಿರುವವಳ ಮೇಲೋ ಬೀಳುವುದಿಲ್ಲವೆ? ಅವಳ ಯೌವನದ ರಾತ್ರಿಗಳಿಗೆ ಬೆಲೆಯಿಲ್ಲವೆ? ಇದು ನ್ಯಾಯವಾದ ಪ್ರಶ್ನೆ. ಒಬ್ಬಳ ಅನುಕೂಲವನ್ನು ಇನ್ನೊಬ್ಬಳ ಬೆನ್ನಿನ ಮೇಲೆ ಹೇರುವ ಏರ್ಪಾಡಿಗೆ ಹೊಂದಿಕೆಯೆಂಬ ಹೆಸರು ಸಲ್ಲದು. ಆದರೆ ಈ ಇಕ್ಕಟ್ಟು ಹುಟ್ಟುವುದು ಎಲ್ಲಿ ಎಂಬುದನ್ನು ಸರಳವಾದ ಲೆಕ್ಕದಿಂದ ಕಾಣಬಹುದು. ವಾರವೊಂದಕ್ಕೆ 168 ಗಂಟೆಗಳು. ಒಂದು ಸ್ಥಾನದಲ್ಲಿ ಸದಾ ಒಬ್ಬ ನರ್ಸು ಇರಬೇಕಾದರೆ, ತಲಾ 48 ಗಂಟೆ ದುಡಿಸಿಕೊಂಡರೂ ಮೂರೂವರೆ ಮಂದಿ ಬೇಕು. ಕಾಯಿಲೆ, ಹೆರಿಗೆ, ಹಬ್ಬ, ತರಬೇತಿಗಳಿಗಾಗಿ ಪ್ರತಿಶತ 30ರಷ್ಟು ಹೆಚ್ಚುವರಿ ಸಿಬ್ಬಂದಿ ಇರಬೇಕೆಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ಅದನ್ನು ಕೂಡಿಸಿದರೆ ನಾಲ್ಕೂವರೆ ದಾಟುತ್ತದೆ. ಮೂರು ಪಾಳಿಗೆ ಮೂರೇ ಮಂದಿಯೆಂದು ನೇಮಿಸಿಕೊಂಡ ಆಡಳಿತದಲ್ಲಿ ಇನ್‌ಚಾರ್ಜ್ ಸಿಸ್ಟರ್ ಎಷ್ಟೇ ಕರುಣಾಳುವಾಗಿದ್ದರೂ ಆಕೆಯ ಕರುಣೆಗೆ ಹಾಳೆಯ ಮೇಲೆ ಜಾಗವಿರದು. ಒಬ್ಬಳು ಮಲಗಿದರೆ ಇನ್ನೊಬ್ಬಳಿಗೆ ಡಬಲ್ ಡ್ಯೂಟಿ ತಪ್ಪದು. ಹೀಗೆ ಸಂಖ್ಯೆಯ ಕೊರತೆಯಿಂದ ಹುಟ್ಟಿದ ಕಾಠಿಣ್ಯವನ್ನು ಸೇವಾಧರ್ಮದ ಕಾಠಿಣ್ಯವೆಂದು ಬಣ್ಣಿಸುವುದು ನಮ್ಮ ಆಡಳಿತಗಾರರಿಗೆ ಲಾಭದಾಯಕವಾದ ವಾಡಿಕೆಯಾಗಿಬಿಟ್ಟಿದೆ. ನಲವತ್ತಮೂರು ಸಾವಿರ ಜನಕ್ಕೆ ಒಬ್ಬ ನರ್ಸಿನಂತೆ ಇದ್ದಾರೆಂದು ಭೋರ್ ಸಮಿತಿ 1946ರಲ್ಲಿ ಬರೆದ ಕಾಲದಲ್ಲಿ ಈ ಕೊರತೆಗೆ ಸಮಾಧಾನವಿತ್ತು. ನರ್ಸಿಂಗ್ ಕಾಲೇಜುಗಳು ಬೀದಿಗೊಂದರಂತೆ ಎದ್ದಿರುವ ಈ ಕರ್ನಾಟಕದಲ್ಲಿ, ವರ್ಷವರ್ಷವೂ ಜಿಎನ್‌ಎಂ, ಬಿಎಸ್ಸಿ ಮುಗಿಸಿ ಹೊರಬರುವವರ ಸಾಲನ್ನು ಕಂಡಮೇಲೂ ನರ್ಸುಗಳಿಲ್ಲವೆನ್ನುವುದು ಹೇಗೆ? ಕಲಿತವರಿದ್ದಾರೆ. ಈ ಷರತ್ತುಗಳಿಗೆ ಒಪ್ಪಿ ನಿಲ್ಲುವವರು ಕಡಿಮೆ.

ಎಲ್ಲರೂ ಬೆಳಗಿನ ಪಾಳಿಯನ್ನೇ ಕೇಳುತ್ತಾರೆಂಬ ಭಯವಾದರೂ ಎಷ್ಟು ನಿಜ? ಕೇಳಿನೋಡಿದವರಿಗೆ ಬೇರೆಯೇ ಉತ್ತರ ದೊರೆಯುತ್ತದೆ. ಗಂಡ ರಾತ್ರಿ ಮನೆಯಲ್ಲಿರುವವಳೊಬ್ಬಳು ಹಗಲು ಮಕ್ಕಳ ಬಳಿ ಇರಬಹುದೆಂದು ರಾತ್ರಿಯನ್ನೇ ಬಯಸುತ್ತಾಳೆ. ಎಂಎಸ್ಸಿ ಓದುತ್ತಿರುವವಳಿಗೆ ಸಂಜೆ ಒಪ್ಪಿಗೆ. ಊರಿಗೆ ಹೋಗಿಬರಬೇಕಾದವಳು ನಾಲ್ಕು ದಿನಗಳ ದುಡಿಮೆಯನ್ನು ಒಟ್ಟಿಗೆ ಮುಗಿಸಿ ಮೂರು ದಿನ ಬಿಡುವು ಕೇಳುತ್ತಾಳೆ. ಭಾನುವಾರ ಪ್ರಾರ್ಥನೆಗೆ ಹೋಗುವವಳಿಗೂ ಶುಕ್ರವಾರ ನಮಾಜಿನ ಹೊತ್ತಿಗೆ ಮನೆಯಲ್ಲಿರಬೇಕಾದವಳಿಗೂ ಪರಸ್ಪರ ಅದಲುಬದಲು ಮಾಡಿಕೊಳ್ಳುವುದು ಸುಲಭ. ಈ ವೃತ್ತಿಯಲ್ಲಿ ಈಗ ಗಂಡಸರೂ ಇದ್ದಾರೆ, ವಾರ್ಡಿನಲ್ಲಿ ಎಲ್ಲರೂ ‘ಬ್ರದರ್’ ಎಂದು ಕರೆಯುವವರು. ಅವರಿಗೂ ಮನೆಯಿದೆಯೆಂಬುದನ್ನು ಮರೆಯಲಾಗದು. ಇಷ್ಟು ವಿಧದ ಇಚ್ಛೆಗಳಿರುವಾಗ ಅವುಗಳನ್ನು ಒಂದಕ್ಕೊಂದು ಹೆಣೆಯುವುದು ಅಸಾಧ್ಯವಲ್ಲವೆಂಬುದನ್ನು ಹೊರದೇಶದ ಅನುಭವ ತೋರಿಸಿದೆ. ಅಮೆರಿಕದಲ್ಲಿ ನರ್ಸುಗಳ ಅಭಾವ ತೀವ್ರವಾಗಿದ್ದ ಕಾಲದಲ್ಲಿಯೂ ಅವರನ್ನು ಸೆಳೆದು ಉಳಿಸಿಕೊಂಡ 41 ಆಸ್ಪತ್ರೆಗಳನ್ನು ಅಲ್ಲಿನ ನರ್ಸಿಂಗ್ ಅಕಾಡೆಮಿ 1983ರಲ್ಲಿ ಗುರುತಿಸಿ, ಅವುಗಳಿಗೆ ‘ಮ್ಯಾಗ್ನೆಟ್’ ಎಂದು ಹೆಸರಿಟ್ಟಿತು. ಅವುಗಳ ಗುಣಗಳಲ್ಲಿ ಹೊಂದಿಕೆಯ ವೇಳಾಕ್ರಮವೂ ಒಂದಾಗಿತ್ತು. ಡಲ್ಲಾಸಿನ ಬೇಲರ್ ಆಸ್ಪತ್ರೆಯವರು ಅದೇ ದಶಕದ ಆದಿಯಲ್ಲಿ, ಯಾರಿಗೂ ಬೇಡವಾದ ಶನಿವಾರ ಭಾನುವಾರಗಳಲ್ಲಿ ಹನ್ನೆರಡು ಗಂಟೆಗಳ ಎರಡು ಪಾಳಿ ಮಾಡುವವರಿಗೆ ಹೆಚ್ಚುಕಡಿಮೆ ಇಡೀ ವಾರದ ಸಂಬಳವನ್ನೇ ಕೊಟ್ಟು, ಉಳಿದವರಿಗೆ ವಾರಾಂತ್ಯದ ಬಿಡುವನ್ನು ದೊರಕಿಸಿದರು. ಬ್ರಿಟನ್ನಿನ ಅನೇಕ ಆಸ್ಪತ್ರೆಗಳಲ್ಲಿ ಒಂದು ವಾರ್ಡಿನ ನರ್ಸುಗಳು ತಮ್ಮ ಪಟ್ಟಿಯನ್ನು ತಾವೇ ತುಂಬುವ ಪದ್ಧತಿಯುಂಟು: ಪ್ರತಿ ಪಾಳಿಗೆ ಎಷ್ಟು ಮಂದಿ, ಎಂಥ ಅನುಭವದವರು ಬೇಕೆಂಬುದನ್ನು ಆಡಳಿತ ನಿಶ್ಚಯಿಸುತ್ತದೆ, ಆ ಚೌಕಟ್ಟಿನೊಳಗೆ ಯಾರು ಯಾವಾಗ ಎಂಬುದನ್ನು ಅವರೇ ಮಾತಾಡಿಕೊಳ್ಳುತ್ತಾರೆ. ಜಗಳವಿಲ್ಲವೆಂದಲ್ಲ, ಕ್ರಿಸ್‌ಮಸ್ಸಿನ ದಿನಕ್ಕಾಗಿ ಅಲ್ಲಿಯೂ ಮುಖ ಗಂಟಿಕ್ಕಿಕೊಳ್ಳುತ್ತವೆ. ಆದರೆ ಜಗಳ ಸಮಾನರ ನಡುವಣದು.

ಇಲ್ಲಿಯವರೆಗೆ ಹೊಂದಿಕೆಯ ಪರವಾಗಿ ಹೇಳಿದೆನಾದರೂ ಅದರ ಇನ್ನೊಂದು ಮುಖವನ್ನು ಮರೆಮಾಚಿದರೆ ಈ ಹುಡುಕಾಟದಲ್ಲಿರುವವರಿಗೆ ದ್ರೋಹ ಬಗೆದಂತಾದೀತು. ನಮ್ಮ ನಗರಗಳಲ್ಲಿ ಹೋಂ ನರ್ಸಿಂಗ್ ಏಜೆನ್ಸಿಗಳು ‘ನಿಮಗೆ ಬೇಕಾದ ವೇಳೆಯಲ್ಲಿ ಕೆಲಸ’ ಎಂದು ಸಾರುತ್ತವೆ. ಒಳಹೊಕ್ಕು ನೋಡಿದರೆ, ಕರೆ ಬಂದ ದಿನ ಕೆಲಸ, ಬಾರದ ದಿನ ಉಪವಾಸ; ಅಪರಿಚಿತರ ಮನೆಯಲ್ಲಿ ಹನ್ನೆರಡು ಗಂಟೆ, ಕೆಲವೊಮ್ಮೆ ಇಪ್ಪತ್ತನಾಲ್ಕು ಗಂಟೆ ಒಂಟಿಯಾಗಿ ಇರಬೇಕು; ಹಾಸಿಗೆ ಹಿಡಿದ ಮುದುಕರ ಶುಶ್ರೂಷೆಯ ಜತೆಗೆ ಪಾತ್ರೆ ತೊಳೆಯುವುದೂ ನಿಧಾನವಾಗಿ ಸೇರಿಕೊಳ್ಳುತ್ತದೆ; ಮನೆಯವರು ಕೊಟ್ಟ ಹಣದಲ್ಲಿ ಏಜೆನ್ಸಿಯ ಪಾಲು ಹೋಗಿ ಉಳಿದದ್ದು ಇವಳಿಗೆ. ಪಿ.ಎಫ್. ಇಲ್ಲ, ಇ.ಎಸ್.ಐ. ಇಲ್ಲ, ಹೆರಿಗೆಯ ರಜೆಯಂತೂ ಕನಸು. ಇಲ್ಲಿ ಬಾಗುವುದು ವೇಳೆಯಲ್ಲ, ದುಡಿಯುವವಳ ಬೆನ್ನು. ಹನ್ನೆರಡು ಗಂಟೆಯಂತೆ ವಾರಕ್ಕೆ ಮೂರೇ ದಿನ ದುಡಿದು ನಾಲ್ಕು ದಿನ ಬಿಡುವು ಪಡೆಯುವ ಪದ್ಧತಿಯೂ ಮೇಲುನೋಟಕ್ಕೆ ವರದಾನವೆನಿಸುತ್ತದೆ. ಅಮೆರಿಕದ ನಾಲ್ಕು ರಾಜ್ಯಗಳ ನರ್ಸುಗಳನ್ನು ಕುರಿತು 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪ್ರತಿಶತ 80ಕ್ಕೂ ಹೆಚ್ಚಿನವರು ತಮ್ಮ ವೇಳಾಕ್ರಮದಿಂದ ತೃಪ್ತರೆಂದೇ ಹೇಳಿದರು; ಆದರೆ ಅದೇ ಅಧ್ಯಯನದಲ್ಲಿ, ದೀರ್ಘಪಾಳಿ ಮಾಡುವವರಲ್ಲಿ ವೃತ್ತಿಯ ಬಗೆಗಿನ ಬಳಲಿಕೆಯೂ, ಹದಿಮೂರು ಗಂಟೆ ಮೀರಿದ ಪಾಳಿಗಳು ಹೆಚ್ಚಾಗಿದ್ದ ಆಸ್ಪತ್ರೆಗಳಲ್ಲಿ ರೋಗಿಗಳ ಅಸಮಾಧಾನವೂ ಏರಿದ್ದುದು ಕಂಡುಬಂದಿತು. ಮೂರು ದಿನದ ವಾರ ಪ್ರಿಯವಾದುದು ನಿಜ, ಆದರೆ ಪ್ರಿಯವಾದುದೆಲ್ಲ ಹಿತವಾಗಲಾರದು. ಇನ್ನು ಮಂಗಳೂರು, ಬೆಂಗಳೂರುಗಳಿಂದ ಬ್ರಿಟನ್ನಿಗೆ ಹೋದ ನಮ್ಮ ಹೆಣ್ಣುಮಕ್ಕಳ ಸ್ಥಿತಿ. ಅಲ್ಲಿ 2024ರ ಏಪ್ರಿಲ್ 6ರಿಂದ ಕೆಲಸಕ್ಕೆ ಸೇರಿದ ಮೊದಲ ದಿನವೇ ವೇಳೆಯ ಬದಲಾವಣೆಯನ್ನು ಕೇಳುವ ಹಕ್ಕು ಎಲ್ಲರಿಗೂ ಉಂಟು. ಕೇಳುವ ಹಕ್ಕೇ ಹೊರತು ಪಡೆಯುವ ಹಕ್ಕಲ್ಲ, ಕಾನೂನು ಹೇಳಿದ ಎಂಟು ಕಾರಣಗಳಲ್ಲೊಂದನ್ನು ತೋರಿಸಿ ನಿರಾಕರಿಸಬಹುದು. ಸ್ಥಳೀಯಳಾದ ಸಹೋದ್ಯೋಗಿ ವಾರಕ್ಕೆ ಎರಡೇ ದಿನವೆಂದು ಒಪ್ಪಿಸಿಕೊಂಡು ಹೋದಾಳು. ಆದರೆ ವೀಸಾಕ್ಕೆ ಕನಿಷ್ಠ ಸಂಬಳದ ಷರತ್ತು ಇರುವುದರಿಂದ ನಮ್ಮವಳು ಗಂಟೆಗಳನ್ನು ಇಳಿಸುವ ಮೊದಲು ಹತ್ತು ಬಾರಿ ಯೋಚಿಸಬೇಕು. ಒಂದೇ ವಾರ್ಡು, ಒಂದೇ ಸಮವಸ್ತ್ರ. ಹಕ್ಕಿನ ಉಪಯೋಗ ಮಾತ್ರ ಬೇರೆಬೇರೆ.

ಹಾಗಾದರೆ ಹುಡುಕುವವಳು ಎಲ್ಲಿ ಹುಡುಕಬೇಕು? ವೇಳೆ ಸ್ಥಿರವಾಗಿರುವ ಜಾಗಗಳು ಈ ವೃತ್ತಿಯಲ್ಲಿಯೇ ಕೆಲವಿವೆ. ಡಯಾಲಿಸಿಸ್ ಘಟಕದಲ್ಲಿ ರೋಗಿಯೊಬ್ಬನಿಗೆ ಸುಮಾರು ನಾಲ್ಕು ಗಂಟೆ ಹಿಡಿಯುತ್ತದೆ, ಬರುವವರೂ ದಿನ ಗೊತ್ತುಮಾಡಿಕೊಂಡೇ ಬರುತ್ತಾರೆ; ಬೆಳಿಗ್ಗೆ ಬೇಗ ಹೋಗಬೇಕಾದರೂ ಮಾಮೂಲಿನ ದಿನಗಳಲ್ಲಿ ರಾತ್ರಿಯ ಗೊಡವೆ ಕಡಿಮೆ. ಕಣ್ಣಿನ ಆಸ್ಪತ್ರೆ, ಡೇಕೇರ್ ಶಸ್ತ್ರಚಿಕಿತ್ಸೆ, ಹೊರರೋಗಿ ವಿಭಾಗ, ಕಾರ್ಖಾನೆಯ ಚಿಕಿತ್ಸಾಕೊಠಡಿ, ನರ್ಸಿಂಗ್ ಕಾಲೇಜಿನ ಟ್ಯೂಟರ್ ಹುದ್ದೆ ಇವೆಲ್ಲ ಬಹುಮಟ್ಟಿಗೆ ಹಗಲಿನವೇ. ಬಿಎಸ್ಸಿ ನರ್ಸಿಂಗ್ ಮಾಡಿದವರಿಗೆ ಹಳ್ಳಿಗಳ ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯೆಂಬ ಹುದ್ದೆಯೊಂದು ಆಯುಷ್ಮಾನ್ ಭಾರತ್ ಯೋಜನೆಯಿಂದಾಗಿ 2018ರಿಂದ ಈಚೆಗೆ ತೆರೆದುಕೊಂಡಿದೆ. ಗುತ್ತಿಗೆಯದೆಂಬ ಕೊರತೆ ಅದಕ್ಕಿದ್ದರೂ, ಬಿ.ಪಿ., ಸಕ್ಕರೆ ಕಾಯಿಲೆಯವರನ್ನು ತಾನೇ ನೋಡಿ ಮದ್ದು ಕೊಡುವ ಸ್ವಾತಂತ್ರ್ಯ ನಗರದ ಐಸಿಯು ನರ್ಸಿಗೂ ದುರ್ಲಭವಾದುದು. ಆದರೆ ಇಂಥ ಜಾಗಗಳಿಗೂ ಬೆಲೆ ತೆರಬೇಕಾಗುತ್ತದೆ. ಸಂಬಳ ಇಳಿಯುತ್ತದೆ, ರಾತ್ರಿಭತ್ಯೆ ತಪ್ಪುತ್ತದೆ, ಎರಡು ಮೂರು ವರ್ಷ ವೆಂಟಿಲೇಟರಿನ ಸಮೀಪ ಸುಳಿಯದವಳ ಕೈಯಲ್ಲಿ ಆ ಕೌಶಲ ಮಸಕಾಗುತ್ತದೆ. ಮಕ್ಕಳು ದೊಡ್ಡವರಾದ ಮೇಲೆ ಹಿಂದಿರುಗುವೆನೆಂದರೆ ವಿದೇಶಕ್ಕೆ ಕಳುಹಿಸುವ ಏಜೆಂಟನು ಮೊದಲು ಕೇಳುವುದೇ ‘ಅಕ್ಯೂಟ್ ಕೇರ್ ಎಷ್ಟು ವರ್ಷ ಮಾಡಿದ್ದೀರಿ ಸಿಸ್ಟರ್?’ ಎಂದು. ಆದುದರಿಂದ ವಾರ್ಡು ಬಿಡುವುದಕ್ಕಿಂತ ಒಳ್ಳೆಯ ಪಟ್ಟಿಯುಳ್ಳ ವಾರ್ಡನ್ನು ಹುಡುಕುವುದು ಅನೇಕರಿಗೆ ಲೇಸು. ಅದನ್ನು ಪತ್ತೆ ಹಚ್ಚುವುದು ಜಾಹೀರಾತಿನಿಂದ ಸಾಧ್ಯವಿಲ್ಲ, ಸಂದರ್ಶನದಲ್ಲಿ ಕೇಳಬೇಕು. ಪಟ್ಟಿ ಎಷ್ಟು ದಿನ ಮೊದಲು ಹೊರಬೀಳುತ್ತದೆ, ತಿಂಗಳಿಗೆ ರಾತ್ರಿಗಳು ಎಷ್ಟು, ರಾತ್ರಿ ಒಬ್ಬಳ ಕೈಗೆ ರೋಗಿಗಳು ಎಷ್ಟು ಮಂದಿ, ರಾತ್ರಿ ಮುಗಿಸಿದ ದಿನವನ್ನು ಆಫ್ ಎಂದು ಹಿಡಿಯುತ್ತೀರಾ, ಇಬ್ಬರು ಒಪ್ಪಿ ಪಾಳಿ ಬದಲಾಯಿಸಿಕೊಂಡರೆ ಯಾರ ಸಹಿ ಬೇಕು ಎಂದು ಮುಜುಗರವಿಲ್ಲದೆ ಕೇಳಬೇಕು. ಕೂಸಿನಮನೆ ಇದೆಯೆ ಎಂದೂ ಕೇಳಬೇಕು. ಐವತ್ತು ಮಂದಿ ಕೆಲಸಗಾರರಿರುವ ಸಂಸ್ಥೆಯಲ್ಲಿ ಅದು ಇರತಕ್ಕದ್ದೆಂದೂ, ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಬಹುದೆಂದೂ 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯೇ ಹೇಳಿದೆ. ಉತ್ತರಕ್ಕಿಂತ ಹೆಚ್ಚಾಗಿ ಉತ್ತರಿಸುವವರ ಮುಖವನ್ನು ನೋಡಿದರೆ ಸಾಕು, ಅರ್ಧ ಸಂಗತಿ ತಿಳಿಯುತ್ತದೆ. ಉಳಿದರ್ಧ ಕ್ಯಾಂಟೀನಿನಲ್ಲಿ ಅಲ್ಲಿಯ ಸಿಸ್ಟರುಗಳ ಜತೆ ಒಂದು ಲೋಟ ಕಾಫಿ ಕುಡಿದರೆ ತಿಳಿಯುತ್ತದೆ. ಮೂಲ ಪ್ರಮಾಣಪತ್ರಗಳನ್ನು ಒತ್ತೆಯಾಗಿ ಇಟ್ಟುಕೊಂಡು ಬಾಂಡಿಗೆ ಸಹಿ ಹಾಕಿಸುವ ಕಡೆ ಮಾತ್ರ ಬೇರೆ ಯಾವ ಪ್ರಶ್ನೆಯನ್ನೂ ಕೇಳುವ ಅಗತ್ಯವಿಲ್ಲ.

ಸಂಬಳದ ವಿಷಯವನ್ನು ವೇಳೆಯಿಂದ ಬೇರ್ಪಡಿಸಿ ಮಾತಾಡುವುದು ಒಂದು ಆತ್ಮವಂಚನೆ. ಗಂಟೆಗಳನ್ನು ಇಳಿಸಿಕೊಳ್ಳುವ ಸ್ವಾತಂತ್ರ್ಯ ಇಳಿಸಿದ ಮೇಲೂ ಬದುಕಲು ಸಾಧ್ಯವಿರುವವರಿಗೆ ಮಾತ್ರ. ಖಾಸಗಿ ಆಸ್ಪತ್ರೆಗಳ ನರ್ಸುಗಳ ಸ್ಥಿತಿಯನ್ನು ಕುರಿತು ಸರ್ವೋಚ್ಚ ನ್ಯಾಯಾಲಯ 2016ರಲ್ಲಿ ನೀಡಿದ ನಿರ್ದೇಶನದಂತೆ ನೇಮಕವಾದ ಸಮಿತಿಯು, ಐವತ್ತಕ್ಕಿಂತ ಕಡಿಮೆ ಹಾಸಿಗೆಗಳ ಆಸ್ಪತ್ರೆಯಲ್ಲಿಯೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದೆಂದೂ, ಇನ್ನೂರು ಹಾಸಿಗೆ ಮೀರಿದವು ಸರ್ಕಾರಿ ನರ್ಸಿಗೆ ಸಮನಾದ ಸಂಬಳ ಕೊಡಬೇಕೆಂದೂ, ರಜೆ ಮತ್ತು ಕೆಲಸದ ಗಂಟೆಗಳೂ ಸರ್ಕಾರಿ ನೌಕರರಿಗೆ ಸಮನಾಗಿರಬೇಕೆಂದೂ ಶಿಫಾರಸು ಮಾಡಿತು. ಇದನ್ನು ಆಚರಣೆಗೆ ತರುವ ಹೊಣೆ ರಾಜ್ಯಗಳದಾಯಿತು. ಶಿಫಾರಸು ಸಮಿತಿಯದು, ಹೊಣೆ ರಾಜ್ಯದ್ದು, ಹಣ ಮಾಲಿಕನದು ಎಂದಾದಾಗ ಕಾಗದ ಎಷ್ಟು ದೂರ ನಡೆದೀತೆಂಬುದನ್ನು ಓದುಗರು ಊಹಿಸಬಲ್ಲರು.

ರಾಜ್ಯಕ್ಕೆ ಇಲ್ಲಿ ಮಾಡಬಹುದಾದ ಕೆಲಸವೊಂದಿದೆ, ಅದಕ್ಕೆ ಬೊಕ್ಕಸದ ಹಣವೂ ಬೇಡ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಂತೆ ಪ್ರತಿಯೊಂದು ಆಸ್ಪತ್ರೆಯೂ ನೋಂದಣಿ ಮಾಡಿಸಿಕೊಳ್ಳಬೇಕು, ಚಿಕಿತ್ಸೆಯ ದರಗಳನ್ನು ಬಾಗಿಲಲ್ಲಿ ತೂಗುಹಾಕಬೇಕು. ಅದೇ ಫಲಕದಲ್ಲಿ ರಾತ್ರಿ ಒಂದೊಂದು ವಾರ್ಡಿನಲ್ಲಿ ಎಷ್ಟು ರೋಗಿಗಳಿಗೆ ಎಷ್ಟು ನರ್ಸುಗಳಿದ್ದಾರೆಂಬುದನ್ನೂ ಬರೆಯಬೇಕೆಂದು, ಪಾಳಿಪಟ್ಟಿಯನ್ನು ಎರಡು ವಾರ ಮುಂಚಿತವಾಗಿ ಪ್ರಕಟಿಸಬೇಕೆಂದು ವಿಧಿಸಿದರೆ, ಕೆಲಸ ಹುಡುಕುವವಳಿಗೂ ಹಾಸಿಗೆ ಹುಡುಕುವ ರೋಗಿಯ ಮಗನಿಗೂ ಒಂದೇ ಕಡೆ ಉತ್ತರ ದೊರೆಯುತ್ತದೆ. ತಾಲೂಕು ಊರುಗಳ ಇಪ್ಪತ್ತು ಮೂವತ್ತು ಹಾಸಿಗೆಯ ನರ್ಸಿಂಗ್ ಹೋಮುಗಳು ಇದಕ್ಕೆ ಖಂಡಿತವಾಗಿಯೂ ಗೊಣಗುತ್ತವೆ, ಐದಾರು ನರ್ಸುಗಳಲ್ಲಿ ಎರಡು ವಾರದ ಪಟ್ಟಿಯನ್ನು ಬರೆಯುವುದೆಂತು ಎಂದು. ಅವರ ಕಷ್ಟ ನಿಜವಾದುದು. ಆದರೆ ಒಂದೇ ರಸ್ತೆಯಲ್ಲಿ ಅಂಥ ನಾಲ್ಕು ಹೋಮುಗಳಿರುವ ಊರುಗಳೇ ನಮ್ಮಲ್ಲಿ ಹೆಚ್ಚು. ರಜೆಯ ಬದಲಿಗೆಂದು ನಾಲ್ವರೂ ಸೇರಿ ಇಬ್ಬರು ಹೆಚ್ಚುವರಿ ನರ್ಸುಗಳನ್ನು ಸಂಬಳ ಹಂಚಿಕೊಂಡು ಇರಿಸಿಕೊಳ್ಳಬಹುದು. ಅರಿವಳಿಕೆ ವೈದ್ಯರನ್ನು ಅವರು ಈಗಾಗಲೇ ಹಾಗೆ ಹಂಚಿಕೊಳ್ಳುತ್ತಿದ್ದಾರೆ. ಒಂದೇ ಸ್ಕೂಟರಿನಲ್ಲಿ ಆತ ಬೆಳಗ್ಗೆ ಒಂದು ಕಡೆ, ಮಧ್ಯಾಹ್ನ ಇನ್ನೊಂದು ಕಡೆ ಹೋಗಿಬರುತ್ತಾನೆ, ಯಾವ ಆಪರೇಷನ್ನೂ ಅದರಿಂದ ನಿಂತಿಲ್ಲ.